ಕ್ವಾರ್ಟರಿನ ಅಸಲಿ ಬೆಲೆ

ಮಗಾ, ‘ಮದ್ಯದ ಮೇಲಿನ ತೆರಿಗೆ ಹೆಚ್ಚಿಸಬೇಕು’ ಅನ್ನುವ ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಿದ್ದೀನಿ, ಪರ ಮಾತಾಡಲೋ ವಿರೋಧ ಮಾತಾಡಲೋ ಅಂತ ನೀನು ಕೇಳಿದೆ. ಯಾವ ಕಡೆ ನಿಂತರೂ ಬಹುಮಾನ ಬರಬಹುದು, ಅದು ನಿನ್ನ ಗಂಟಲಿಗೆ ಬಿಟ್ಟದ್ದು. ಆದರೆ ನೀನು ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ಓದುವ ಹುಡುಗ. ನಾಳೆ ಬ್ಯಾಂಕಿಗೋ, ಕೆಎಎಸ್‌ಗೋ, ಅಬಕಾರಿ ಸಬ್‌ಇನ್‌ಸ್ಪೆಕ್ಟರ್ ಪರೀಕ್ಷೆಗೋ ಕೂರುವವನು. ಭಾಷಣಕ್ಕೆ ಮುಂಚೆ ಕುಡಿತದ ಲೆಕ್ಕ ಹಾಕುವುದನ್ನು ಕಲಿ. ಕಚೇರಿಯಲ್ಲೂ ಆಮೇಲೆ ಸ್ತ್ರೀಶಕ್ತಿ ಸಂಘದಲ್ಲೂ ಲೆಕ್ಕದ ಪುಸ್ತಕ ಬರೆದೇ ಮುದುಕಿಯಾದವಳು ನಾನು. ಅರ್ಥಶಾಸ್ತ್ರ ನಿನ್ನಷ್ಟು ಓದಿಲ್ಲ, ಜಮಾ ಯಾವುದು ಖರ್ಚು ಯಾವುದು ಅಂತ ಮಾತ್ರ ಗೊತ್ತು.

ನಿಮ್ಮ ಫಾರಂನ ಕಬ್ಬಿನ ತಾಕಿನಿಂದಲೇ ಶುರು ಮಾಡೋಣ. ಒಂದು ಟನ್ ಕಬ್ಬು ಅರೆದು, ಸಕ್ಕರೆಯನ್ನೆಲ್ಲ ತೆಗೆದುಕೊಂಡ ಮೇಲೆ ಉಳಿಯುವ ಕಾಕಂಬಿ ನಲವತ್ತು ನಲವತ್ತೈದು ಕೆ.ಜಿ. ಒಂದು ಟನ್ ಕಾಕಂಬಿಯಿಂದ 220ರಿಂದ 250 ಲೀಟರ್ ಆಲ್ಕೋಹಾಲ್ ಇಳಿಸಬಹುದು. ಅಂದರೆ ಒಂದು ಟನ್ ಕಬ್ಬಿಗೆ ಹೆಚ್ಚು ಕಮ್ಮಿ ಹತ್ತು ಲೀಟರ್. ವೈನ್ ಸ್ಟೋರಿನಲ್ಲಿ ಸಿಗುವ ಕ್ವಾರ್ಟರ್ 180 ಮಿ.ಲೀ., ಅದರಲ್ಲಿ ಶೇ. 42.8 ಆಲ್ಕೋಹಾಲ್, ಅಂದರೆ 77 ಮಿ.ಲೀ. ಭಾಗಿಸಿ ನೋಡು: ಒಂದು ಟನ್ ಕಬ್ಬಿನ ಕಾಕಂಬಿಯಿಂದ ನೂರಮೂವತ್ತು ಕ್ವಾರ್ಟರ್. ಅಗ್ಗದ ಮಾಲು, ಲೆಕ್ಕಕ್ಕೆ ಒಂದಕ್ಕೆ 80 ರೂಪಾಯಿ ಅಂದರೂ ಹತ್ತು ಸಾವಿರ ದಾಟಿತು. ಅದೇ ಒಂದು ಟನ್ ಕಬ್ಬಿಗೆ 2025-26ರಲ್ಲಿ ಕೇಂದ್ರ ನಿಗದಿ ಮಾಡಿದ ದರ 3,550 ರೂಪಾಯಿ, ಅದೂ ಇಳುವರಿ ಶೇ. 10.25 ಇದ್ದರೆ. ಸಕ್ಕರೆ ಕೊಟ್ಟ ಮೇಲೂ ಕಬ್ಬು ತನ್ನ ಬೆಲೆಯ ಮೂರರಷ್ಟನ್ನು ಬಾಟಲಿಯಲ್ಲಿ ಹುಟ್ಟಿಸುತ್ತೆ, ಅದರಲ್ಲಿ ಬೆಳೆದವನಿಗೆ ಬರುವುದು ಬಹಳ ಕಡಿಮೆ. ಈಗ ಕಾಕಂಬಿ ಪೆಟ್ರೋಲಿಗೂ ಹೋಗುತ್ತೆ, ಮದ್ಯಕ್ಕೆ ಧಾನ್ಯದ ಸ್ಪಿರಿಟ್ಟೂ ಬರುತ್ತೆ, ಅದೆಲ್ಲ ನಿನಗೆ ಗೊತ್ತು. ಆದರೂ 1933ರಲ್ಲಿ ಮೈಷುಗರ್ ಕಂಪನಿ ಹುಟ್ಟಿದ ಊರಿನವರು ನಾವು, ಅದಕ್ಕೆ ತನ್ನದೇ ಡಿಸ್ಟಿಲರಿಯೂ ಇತ್ತು. ಕುಡಿತ ಎಲ್ಲಿಂದಲೋ ಬಂದು ಮಂಡ್ಯವನ್ನು ಕೆಡಿಸಿತು ಅಂತ ಭಾಷಣದಲ್ಲಿ ಹೇಳಬೇಡ. ನಾಲೆ ನೀರು ಹರಿದ ಗದ್ದೆಯಲ್ಲೇ ಅದರ ಬೇರಿದೆ.

ಆ ಹತ್ತು ಸಾವಿರ ಎಲ್ಲಿ ಹೋಯಿತು? ಸ್ಪಿರಿಟ್ಟಿಗೆ ಸ್ವಲ್ಪ, ಬಾಟಲಿಗೆ ಸ್ವಲ್ಪ, ಕಂಪನಿಗೆ, ಅಂಗಡಿಯವನಿಗೆ ಒಂದಿಷ್ಟು. ದೊಡ್ಡ ಪಾಲು ಸರ್ಕಾರಕ್ಕೆ. ಮನುಷ್ಯರು ಕುಡಿಯುವ ಮದ್ಯ ಜಿಎಸ್‌ಟಿಗೆ ಸೇರಿಲ್ಲ. 2017ರ ನಂತರ ರಾಜ್ಯಗಳ ಕೈಯಲ್ಲಿ ತಾವೇ ಏರಿಸಿ ಇಳಿಸಬಹುದಾದ ತೆರಿಗೆ ಉಳಿದಿರುವುದೇ ಬೆರಳೆಣಿಕೆಯಷ್ಟು: ಪೆಟ್ರೋಲು, ನೋಂದಣಿ, ವಾಹನ, ಮದ್ಯ. ಹಾಗಾಗಿ ಬಜೆಟ್ ಬಂದಾಗಲೆಲ್ಲ ಕೈ ಮೊದಲು ಹೋಗುವುದು ಬಾಟಲಿಯ ಕಡೆಗೆ. 2023ರ ಜುಲೈ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬೆಲೆಯ ಹದಿನೆಂಟೂ ಸ್ಲ್ಯಾಬಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 20 ಏರಿಸಿದರು, ಬಿಯರಿನದನ್ನು ಶೇ. 175ರಿಂದ 185ಕ್ಕೆ ಒಯ್ದರು.

ಈಗ ನಿಮ್ಮ ಪುಸ್ತಕಕ್ಕೆ ಬರೋಣ. ಕೇಂಬ್ರಿಜ್‌ನ ಪಿಗೂ 1920ರಲ್ಲಿ ಬರೆದದ್ದನ್ನು ನೀನು ಪರೀಕ್ಷೆಗೆ ಓದಿರ್ತೀಯ. ಒಬ್ಬ ಮಾಡುವ ಕೆಲಸದ ಖರ್ಚು ಇನ್ನೊಬ್ಬನ ತಲೆಗೆ ಬಿದ್ದರೆ, ಆ ಖರ್ಚಿನಷ್ಟನ್ನು ತೆರಿಗೆಯಾಗಿ ಬೆಲೆಯೊಳಗೇ ಸೇರಿಸು, ಆಗ ಮಾಡುವವನು ತಾನೇ ಯೋಚಿಸುತ್ತಾನೆ. ಮದ್ಯದ ವ್ಯಾಪಾರದಿಂದ ಪೊಲೀಸಿಗೆ, ಜೈಲಿಗೆ ಆಗುವ ಖರ್ಚನ್ನು ಅವರು ಉದಾಹರಣೆಯಾಗಿಯೇ ಕೊಟ್ಟಿದ್ದಾರೆ. ತರ್ಕ ಚೆನ್ನಾಗಿದೆ. ಇದರ ಪ್ರಕಾರ ಮದ್ಯದ ತೆರಿಗೆ ಖಜಾನೆ ತುಂಬಿಸುವ ದಾರಿಯಲ್ಲ. ಆಗುವ ನಷ್ಟಕ್ಕೆ ಹಾಕಿದ ಬೆಲೆಚೀಟಿ. ನಷ್ಟ ಕಡಿಮೆಯಾದರೆ ವಸೂಲಿಯೂ ಕಡಿಮೆಯಾಗಬೇಕು, ಆಗ ಸರ್ಕಾರ ಸಂತೋಷಪಡಬೇಕು.

ಸಂತೋಷಪಡುತ್ತಾ? ಅಬಕಾರಿ ಆದಾಯದ ಗುರಿ 2023-24ಕ್ಕೆ 36,000 ಕೋಟಿ. 2024-25ಕ್ಕೆ 38,525 ಕೋಟಿ. 2025-26ಕ್ಕೆ 40,000 ಕೋಟಿ, ಆ ವರ್ಷದ 4.09 ಲಕ್ಷ ಕೋಟಿ ಬಜೆಟ್ಟಿನ ಹತ್ತಿರ ಹತ್ತಿರ ಹತ್ತರಲ್ಲೊಂದು ಪಾಲು. ಗುರಿ ತಲುಪದ ವರ್ಷ ಅಧಿಕಾರಿಗಳ ಮೇಲೆ ಒತ್ತಡ ಬೀಳುತ್ತೆ, ತಲುಪಿದ ವರ್ಷ ಅದೇ ಸಾಧನೆ. ಮಗಾ, ನಾನು ನಿನಗೆ ಹೇಳಬೇಕಾದ ಮುಖ್ಯ ವಿಷಯ ಇದು. ವರ್ಷ ವರ್ಷ ಏರುವ ಗುರಿ ಇಟ್ಟುಕೊಂಡ ತೆರಿಗೆ ಪಿಗೂ ಹೇಳಿದ ತೆರಿಗೆ ಅಲ್ಲ, ಅದು ವ್ಯಾಪಾರದಲ್ಲಿ ಪಾಲುದಾರಿಕೆ. ತೆರಿಗೆ ಹೆಚ್ಚಿಸಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಮುಂಚೆ ಯಾತಕ್ಕೆ ಅಂತ ಕೇಳು. ಸಂವಿಧಾನದ 47ನೇ ವಿಧಿ ಪಾನನಿರೋಧದ ಕಡೆಗೆ ನಡೆಯಿರಿ ಅಂತ ರಾಜ್ಯಕ್ಕೆ ಹೇಳುತ್ತೆ, ಬಜೆಟ್ ಪುಸ್ತಕ ಇನ್ನೊಂದು ಕಡೆಗೆ ನಡಿ ಅನ್ನುತ್ತೆ. ಎರಡನ್ನೂ ಒಂದೇ ಸರ್ಕಾರ ಮಾಡಬೇಕು.

ಖಜಾನೆಗೆ ಈ ತೆರಿಗೆ ಯಾಕೆ ಇಷ್ಟ ಅಂತ ತಿಳಿಯಲು ಒಂದು ಅಂಕಿ ನೆನಪಿಟ್ಟುಕೊ. ಬೇರೆ ಬೇರೆ ದೇಶಗಳ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ವಾಗೆನಾರ್ ಮತ್ತು ಜೊತೆಗಾರರು 2009ರಲ್ಲಿ ಲೆಕ್ಕ ತೆಗೆದರು: ಬೆಲೆ ಶೇ. 10 ಏರಿದರೆ ಮದ್ಯದ ಬಳಕೆ ಸರಾಸರಿ ಶೇ. 5ರಷ್ಟು ಇಳಿಯುತ್ತೆ. ಬಳಕೆ ಇಳಿಯಿತು ಅನ್ನುವುದು ನಿಜ, ತೆರಿಗೆ ಕೆಲಸ ಮಾಡುತ್ತೆ ಅನ್ನುವುದಕ್ಕೆ ಅದೇ ಸಾಕ್ಷಿ. ಆದರೆ ಬೆಲೆ ಏರಿದಷ್ಟು ಬಳಕೆ ಇಳಿಯಲಿಲ್ಲವಾದ್ದರಿಂದ ಸರ್ಕಾರದ ವಸೂಲಿಯೂ ಏರಿತು. ಇತ್ತ ಪುಣ್ಯ, ಅತ್ತ ದುಡ್ಡು. ಇಷ್ಟಕ್ಕೇ ನಿಲ್ಲಿಸಿದರೆ ನೀನು ಪರ ಮಾತಾಡಿ ಗೆದ್ದೆ.

ನಿಲ್ಲಿಸಬೇಡ, ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇದೆ. ವಿಪರೀತ ಕುಡಿಯುವವರು ಅದೇ ಶೇ. 10ಕ್ಕೆ ಇಳಿಸುವುದು ಶೇ. 3ಕ್ಕೂ ಕಡಿಮೆ. ಈಗ ಮನೆಯ ಲೆಕ್ಕ ಹಾಕು. ನೂರು ರೂಪಾಯಿ ಕುಡಿತಕ್ಕೆ ಹಾಕುತ್ತಿದ್ದವನು ಈಗ ಹೆಚ್ಚು ಕಮ್ಮಿ ನೂರೇಳು ಹಾಕ್ತಾನೆ. ಆ ಏಳು ರೂಪಾಯಿ ಎಲ್ಲಿಂದ ಬಂತು? ಅವನ ಕೂಲಿ ಏರಿಲ್ಲ. ಅಕ್ಕಿ ಡಬ್ಬದ ಕೆಳಗಿಟ್ಟಿದ್ದ ದುಡ್ಡಿನಿಂದ ಬಂತು, ಇಲ್ಲ ಸಂಘದ ಕಂತಿನಿಂದ ಬಂತು.

ನಿಮ್ಮ ಪುಸ್ತಕಗಳ ದೊಡ್ಡ ಮೋಸ ಇರುವುದು ಇಲ್ಲಿ. ಕುಡಿಯುವವನು ಒಬ್ಬ, ಹೊರಗಿನವರು ಇನ್ನೊಬ್ಬರು ಅಂತ ಅವು ಗೆರೆ ಎಳೆಯುತ್ತವೆ. ಅಪಘಾತ, ಪೊಲೀಸು, ಸರ್ಕಾರಿ ಆಸ್ಪತ್ರೆ ಗೆರೆಯ ಆಚೆ, ಅದು ಸಮಾಜದ ಖರ್ಚು. ಹೆಂಡತಿ ಮಕ್ಕಳು ಗೆರೆಯ ಈಚೆ, ಅದು ಅವನ ಮನೆಯ ವಿಷಯ. ಮನೆ ಅಂದರೆ ಒಂದೇ ಜೇಬು, ಒಂದೇ ತಲೆ ಅಂತ ನಂಬಿಕೊಂಡವರು ಕಟ್ಟಿದ ಲೆಕ್ಕ ಅದು. ದುದ್ದ, ಶಿವಳ್ಳಿ ಕಡೆಯ ಯಾವ ಹೆಣ್ಣುಮಗಳನ್ನು ಕೇಳಿದರೂ ನಗ್ತಾಳೆ. ಸಂಘದ ಸಾಲದ ಪುಸ್ತಕದಲ್ಲಿ ‘ಕಾರಣ’ ಅಂತ ಒಂದು ಕಾಲಂ ಇರುತ್ತೆ. ಮಗನ ಫೀಸು, ಆಸ್ಪತ್ರೆ, ಗಿರವಿ ಇಟ್ಟ ಓಲೆ ಬಿಡಿಸಲು, ಬಿತ್ತನೆಗೆ. ಕುಡಿತ ಅಂತ ಯಾರೂ ಬರೆಸಲ್ಲ. ಆದರೆ ಫೀಸಿಗೆ ಇಟ್ಟಿದ್ದ ದುಡ್ಡು ಏನಾಯಿತು, ಓಲೆ ಯಾಕೆ ಗಿರವಿಗೆ ಹೋಯಿತು ಅಂತ ಎರಡು ಮಾತು ಕೇಳಿದರೆ ಅರ್ಧ ಪುಸ್ತಕ ವೈನ್ ಸ್ಟೋರಿನ ಬಾಗಿಲಿಗೆ ಹೋಗಿ ನಿಲ್ಲುತ್ತೆ. ಡೇರಿಯ ಬಟವಾಡೆ ದಿನ, ಕಬ್ಬಿನ ಬಿಲ್ಲು ಬಂದ ವಾರ ಯಾವ ಅಂಗಡಿ ಮುಂದೆ ಗುಂಪು ಅಂತ ನೀನೇ ನೋಡಿದ್ದೀಯ. ಹಾಲು ಕರೆದವಳು ಒಬ್ಬಳು, ಬಟವಾಡೆ ತಂದವನು ಒಬ್ಬ. ಇವಳ ಬೆನ್ನುನೋವನ್ನು, ಶಾಲೆ ಬಿಟ್ಟ ಮಗಳನ್ನು ‘ಖಾಸಗಿ’ ಅಂತ ಬದಿಗೆ ಸರಿಸಿದ ಮೇಲೆ ಯಾವ ತೆರಿಗೆ ಲೆಕ್ಕವೂ ಸರಿ ಬರಲ್ಲ.

ಹಾಗೆ ಸರಿಸದೆ ಲೆಕ್ಕ ಹಾಕಿದವರೂ ನಮ್ಮಲ್ಲಿದ್ದಾರೆ. ನಿಮ್ಹಾನ್ಸ್‌ನ ವಿವೇಕ್ ಬೆನೆಗಲ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ಕರ್ನಾಟಕದ ಬಗ್ಗೆಯೇ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸೆ, ತಪ್ಪಿದ ದುಡಿಮೆ ಎಲ್ಲ ಸೇರಿ ವ್ಯಸನಿಗಳಿಂದಾಗುವ ನಷ್ಟವೇ ಆಗಿನ ಅಬಕಾರಿ ಆದಾಯವನ್ನು ಮೀರಿಸಿತ್ತು. ಈಗಿನ ಅಂಕಿ ಬೇರೆ ಇರುತ್ತೆ. ಆದರೆ ‘ಮದ್ಯದಿಂದ ಸರ್ಕಾರ ನಡೀತಿದೆ’ ಅಂತ ಯಾರಾದರೂ ಹೇಳಿದರೆ, ನಷ್ಟದ ಪುಸ್ತಕವನ್ನೂ ತೋರಿಸಿ ಅಂತ ಕೇಳಲು ಇಷ್ಟು ಸಾಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಕುಡಿಯುವುದು ಸುಮಾರು ಆರು ಗಂಡಸರಲ್ಲಿ ಒಬ್ಬ. ನಲವತ್ತು ಸಾವಿರ ಕೋಟಿ ಎಷ್ಟು ಜನರ ಜೇಬಿನಿಂದ ಬರುತ್ತಿದೆ ಅಂತ ಅದರಿಂದ ಅಂದಾಜು ಮಾಡಿಕೊ.

ಹಾಗಾದರೆ ಪೂರ್ತಿ ಬಂದ್ ಮಾಡಿ ಅಂತೀಯ? ನಾನೂ ಹೆಣ್ಣು, ಆ ಮಾತು ನನ್ನ ಬಾಯಿಗೂ ಬರುತ್ತೆ. 2019ರ ಜನವರಿಯಲ್ಲಿ ರಾಯಚೂರು ಕಡೆಯ ಬಡ ಹೆಂಗಸರೂ ಸೇರಿ ಸಾವಿರಾರು ಜನ ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರ್ ನಡೆದು ಬಂದು ಅದನ್ನೇ ಕೇಳಿದರು. ಅವರ ಕಾಲಿಗೆ ನಮಸ್ಕಾರ. ಆದರೆ ಬಂದ್ ಮಾಡಿದ್ದೂ ನೋಡಿದ್ದೇವೆ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಉಪಮುಖ್ಯಮಂತ್ರಿ ಆಗಿದ್ದ ಕಾಲ. ತಾಲ್ಲೂಕುವಾರು ಹರಾಜು, ಸಾರಾಯಿ ಗುತ್ತಿಗೆದಾರರ ದರ್ಬಾರು, ಸ್ಯಾಷೆ ಚೀಪಿಕೊಂಡು ಗದ್ದೆ ಬದುವಿನ ಮೇಲೆ ಬಿದ್ದವರು, ಎಲ್ಲ ಒಂದೇ ದಿನದಲ್ಲಿ ಹೋಯಿತು ಅಂದುಕೊಂಡೆವು. ವರ್ಷ ತುಂಬುವ ಮುಂಚೆ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆ ತಮಿಳುನಾಡಿನ ಹಳ್ಳಿಗಳಲ್ಲಿ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಬಂದ್ ಇಲ್ಲದಾಗಲೂ ಸತ್ತಿದ್ದಾರೆ, 1981ರಲ್ಲಿ ಬೆಂಗಳೂರಿನಲ್ಲಿ ಸತ್ತವರು ಮುನ್ನೂರು ದಾಟಿದ್ದರು. ಸಾರಾಯಿ ನಿಂತ ಮೇಲೆ ಉಳಿದ ಕುಡುಕರು ಅಗ್ಗದ ವಿಸ್ಕಿ, ರಮ್ಮಿಗೆ ಬಂದರು. ಸ್ಯಾಷೆಯ ಜಾಗಕ್ಕೆ ಟೆಟ್ರಾ ಪ್ಯಾಕ್ ಬಂತು. 2003ರಲ್ಲೇ ಪಾನೀಯ ನಿಗಮ ಮಾಡಿ ಸಗಟು ವ್ಯಾಪಾರವನ್ನೆಲ್ಲ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತ್ತು, ‘ಸೆಕೆಂಡ್ಸ್’ ಅನ್ನುವ ಸುಂಕ ಕಟ್ಟದ ಮಾಲಿನ ಹಾವಳಿಗೆ ಅದು ಒಳ್ಳೆಯ ಕಡಿವಾಣವೇ ಆಯಿತು. ಹಾಗಾಗಿ ಸಾರಾಯಿ ಬಿಟ್ಟು ಬಂದವರ ದುಡ್ಡು ಖಜಾನೆಯ ಬಾಗಿಲಿಗೇ ಬಂತು. ಆಂಧ್ರದಲ್ಲಿ ನೆಲ್ಲೂರಿನ ದುಬಗುಂಟ ಹಳ್ಳಿಯ ಹೆಂಗಸರಿಂದ ಎದ್ದ ಚಳವಳಿ 1995ರಲ್ಲಿ ಪೂರ್ತಿ ಪಾನನಿಷೇಧ ತಂದಿತು. ಎರಡೇ ವರ್ಷಕ್ಕೆ, 1997ರಲ್ಲಿ, ದುಡ್ಡಿಲ್ಲ ಅಂತ ಸರ್ಕಾರವೇ ಅದನ್ನು ಸಡಿಲಿಸಿತು.

ಬೆಲೆ ಅನ್ನುವುದು ನಾಲೆಯ ತೂಬಿನ ಹಾಗೆ. ಪೂರ್ತಿ ಮುಚ್ಚಿದರೆ ನೀರು ಏರಿ ಒಡೆದು ಹೋಗುತ್ತೆ, ಎಷ್ಟು ಇಳಿಸಬೇಕು ಅನ್ನುವುದರಲ್ಲೇ ಜಾಣತನ. ಈ ವಿಷಯದಲ್ಲಿ ನಮ್ಮ ರಾಜ್ಯದ ಪದ್ಧತಿ ಬಹುಕಾಲ ಒಂದು ಎಡವಟ್ಟನ್ನು ಹೊತ್ತುಕೊಂಡು ಬಂದಿತ್ತು. ಸುಂಕದ ದೊಡ್ಡ ಭಾಗ ಬೀಳುತ್ತಿದ್ದುದು ಕಂಪನಿ ಘೋಷಿಸಿದ ಬೆಲೆಯ ಸ್ಲ್ಯಾಬ್ ನೋಡಿ, ಬಾಟಲಿಯೊಳಗೆ ಎಷ್ಟು ಆಲ್ಕೋಹಾಲ್ ಇದೆ ಅಂತ ನೋಡಿ ಅಲ್ಲ. 650 ಮಿ.ಲೀ.ನ ಸಾಮಾನ್ಯ ಬಿಯರಿನಲ್ಲಿ, ಶೇ. 5ರಂತೆ, 32 ಮಿ.ಲೀ. ಆಲ್ಕೋಹಾಲ್. ಶೇ. 8ರ ಸ್ಟ್ರಾಂಗ್ ಬಿಯರಿನಲ್ಲಿ 52. ಅಗ್ಗದ ಕ್ವಾರ್ಟರಿನಲ್ಲಿ 77. ಬೆಲೆಯಲ್ಲಿ ಬಿಯರ್ ಬಾಟಲಿ ಕ್ವಾರ್ಟರಿಗಿಂತ ಮೇಲೆ. ಯಕೃತ್ತಿಗೆ ಬ್ರಾಂಡ್ ತಿಳಿಯಲ್ಲ, ಮಿಲಿಲೀಟರ್ ಮಾತ್ರ ತಿಳಿಯುತ್ತೆ. ಕೂಲಿಯವನು ಕಡಿಮೆ ದುಡ್ಡಿಗೆ ಹೆಚ್ಚು ಅಮಲು ಎಲ್ಲಿದೆ ಅಂತ ಲೆಕ್ಕ ಹಾಕುವುದರಲ್ಲಿ ನಿನಗಿಂತ ಚುರುಕು, ನೇರ ಕ್ವಾರ್ಟರಿಗೆ ಹೋಗ್ತಾನೆ. ನಷ್ಟಕ್ಕೆ ತೆರಿಗೆ ಅನ್ನುವುದು ನಿಜವಾದರೆ ಆಲ್ಕೋಹಾಲಿನ ಪ್ರಮಾಣಕ್ಕೆ ತೆರಿಗೆ ಹಾಕಬೇಕು.

ಸ್ಕಾಟ್ಲೆಂಡ್ ಇದಕ್ಕೆ ಹತ್ತಿರದ ಒಂದು ಕೆಲಸ ಮಾಡಿತು. 2018ರ ಮೇ 1ರಿಂದ ಹತ್ತು ಮಿ.ಲೀ. ಶುದ್ಧ ಆಲ್ಕೋಹಾಲಿಗೆ 50 ಪೆನ್ಸ್‌ಗಿಂತ ಕಡಿಮೆಗೆ ಯಾರೂ ಮಾರುವಂತಿಲ್ಲ ಅಂತ ಕಾನೂನು ತಂದಿತು. 2024ರಲ್ಲಿ ಅದನ್ನು 65ಕ್ಕೆ ಏರಿಸಿತು. ಕುಡಿತದಿಂದಲೇ ಆಗುವ ಸಾವುಗಳು ಶೇ. 13ರಷ್ಟು ಇಳಿದವು ಅಂತ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಂದಾಜು ಬಂತು. ಹೆಚ್ಚು ಜೀವ ಉಳಿದದ್ದು ಬಡವರ ಕೇರಿಗಳಲ್ಲಿ. ಇದು ಪರ ಮಾತಾಡುವವರಿಗೆ ಒಳ್ಳೆಯ ಅಸ್ತ್ರ. ಆದರೆ ಅಲ್ಲಿಯೂ ಪೂರ್ತಿ ವ್ಯಸನಕ್ಕೆ ಬಿದ್ದ ಕೆಲವರು ಊಟ ಕಡಿಮೆ ಮಾಡಿ ಬಾಟಲಿ ಕೊಂಡರು ಅನ್ನುವುದೂ ಅದೇ ಕಾನೂನಿನ ಪರಿಶೀಲನೆಯಲ್ಲಿ ಕಂಡಿದೆ, ಅದನ್ನು ಮುಚ್ಚಿಡಬೇಡ. ಬೆಲೆ ತಡೆಯುವುದು ಇನ್ನೂ ಕೈಯಲ್ಲಿರುವವನನ್ನು: ಹಬ್ಬಕ್ಕೆ ಕುಡಿಯುವವನನ್ನು, ಈಗ ತಾನೇ ಶುರು ಮಾಡಿದ ಹುಡುಗನನ್ನು. ಕೈ ಮೀರಿದವನಿಗೆ ಬೆಲೆ ಸಾಲದು, ಚಿಕಿತ್ಸೆ ಬೇಕು.

ಇನ್ನೊಂದು ಬೆಲೆಯನ್ನು ಯಾರೂ ಲೆಕ್ಕಕ್ಕೆ ತರಲ್ಲ, ನಡೆಯುವ ದೂರ. ಲೈಸೆನ್ಸ್ ಇರುವ ಅಂಗಡಿ ಪೇಟೆಯಲ್ಲಿದ್ದರೆ ಅಲ್ಲಿಗೆ ಹೋಗಲು ಬಸ್ಸು, ಸಮಯ, ಊರವರ ಕಣ್ಣು, ಎಲ್ಲವೂ ಸೇರಿ ಒಂದು ತೆರಿಗೆ. ಊರೊಳಗಿನ ಪೆಟ್ಟಿಗೆ ಅಂಗಡಿಯಲ್ಲಿ ಟೆಟ್ರಾ ಪ್ಯಾಕು ಹತ್ತಿಪ್ಪತ್ತು ರೂಪಾಯಿ ಹೆಚ್ಚಿಗೆ ಸಿಕ್ಕಿಬಿಟ್ಟರೆ ಆ ತೆರಿಗೆ ಪೂರ್ತಿ ಮನ್ನಾ. ಮುಂಜಾನೆ ಆರಕ್ಕೇ ಸಿಗುತ್ತೆ, ಸಾಲಕ್ಕೂ ಸಿಗುತ್ತೆ. ಲೈಸೆನ್ಸ್ ಇರುವ ಸಿಎಲ್-2 ಅಂಗಡಿಯಿಂದಲೇ ಮಾಲು ಹೋಗುವುದರಿಂದ ಸರ್ಕಾರದ ಸುಂಕಕ್ಕೆ ಏನೂ ನಷ್ಟವಿಲ್ಲ, ಆದ್ದರಿಂದಲೇ ತಡೆಯುವ ಅವಸರವೂ ಇಲ್ಲ. ನಾಳೆ ನೀನು ಅಬಕಾರಿಗೆ ಹೋದರೆ, ಈ ಮಾರಾಟ ತಡೆಯುವುದೇ ಸುಂಕ ಒಂದು ಪೈಸೆ ಏರಿಸದೆ ಕುಡಿತದ ಬೆಲೆ ಏರಿಸುವ ದಾರಿ. ಇಂಥ ಕೆಲಸಕ್ಕೆ ಗುರಿ ಇಟ್ಟು ಪ್ರಗತಿ ಕೇಳಿದ ಸಭೆಯ ಸುದ್ದಿ ನನ್ನ ಕಿವಿಗಂತೂ ಬಿದ್ದಿಲ್ಲ.

ತೆರಿಗೆ ಎಷ್ಟಾದರೂ ಏರಿಸಬಹುದು ಅಂತಲೂ ತಿಳಿಯಬೇಡ. ಪಕ್ಕದ ರಾಜ್ಯಗಳಲ್ಲಿ ಅಗ್ಗ ಅಂತ ವ್ಯಾಪಾರ ಆಚೆ ಹೋಗುವುದನ್ನು ನೋಡಿ 2024ರಲ್ಲಿ ನಮ್ಮ ಸರ್ಕಾರ ದುಬಾರಿ ಬ್ರಾಂಡುಗಳ ಸುಂಕ ಇಳಿಸಿತು. ಉಳ್ಳವನು ಕಾರು ಹತ್ತಿ ಗಡಿ ದಾಟಬಲ್ಲ, ಅವನ ಮಾತು ಕೇಳಿಸಿತು. ಮದ್ದೂರು ಸಂತೆಯ ಹಮಾಲಿ ಗಡಿ ದಾಟಲ್ಲ, ಕಳ್ಳಭಟ್ಟಿಗೆ ಹೋಗಬಹುದು ಅಷ್ಟೇ. ಹಾಗಾಗಿ ಏರಿಸುವುದಾದರೆ ಕೂಲಿ ಏರಿದಂತೆ ಸಣ್ಣ ಸಣ್ಣದಾಗಿ ಪ್ರತಿ ವರ್ಷ ಏರಿಸಬೇಕು. 2025-26ರಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಕೂಲಿಯಲ್ಲಿ ಕ್ವಾರ್ಟರಿನ ಪಾಲು ಎಷ್ಟು, ವರ್ಷದಿಂದ ವರ್ಷಕ್ಕೆ ಅದು ಇಳಿಯುತ್ತಿದೆಯೋ ಏರುತ್ತಿದೆಯೋ ಅಂತ ನೋಡು. ಇಳಿಯುತ್ತಿದ್ದರೆ ಬಜೆಟ್ಟಿನಲ್ಲಿ ಎಷ್ಟು ಶೇಕಡಾ ಏರಿಸಿದ್ದೇವೆ ಅಂತ ಹೇಳಿಕೊಂಡರೂ ಮದ್ಯ ಅಗ್ಗವಾಗಿದೆ ಅಂತಲೇ ಅರ್ಥ.

ದುಡ್ಡಿನ ಇನ್ನೊಂದು ತುದಿಯನ್ನೂ ಹೇಳಿಬಿಡ್ತೀನಿ. 2025ರ ಮಾರ್ಚಿನಲ್ಲಿ ತುರುವೇಕೆರೆ ಶಾಸಕ ಎಂ.ಟಿ. ಕೃಷ್ಣಪ್ಪನವರು ಸದನದಲ್ಲೇ, ಹೆಂಗಸರಿಗೆ ಎರಡು ಸಾವಿರ ಕೊಡ್ತೀರಿ, ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಬಿಟ್ಟಿ ಕೊಡಿ ಅಂದರು. ಜನ ನಕ್ಕರು. ನನಗೆ ಅದರಲ್ಲಿ ಲೆಕ್ಕ ಕಂಡಿತು. ಗೃಹಲಕ್ಷ್ಮಿ ತಿಂಗಳಿಗೆ 2,000. ದಿನಕ್ಕೊಂದು ಎಂಬತ್ತರ ಕ್ವಾರ್ಟರ್ ತಿಂಗಳಿಗೆ 2,400. ಒಂದೇ ಮನೆಯ ಮುಂಬಾಗಿಲಲ್ಲಿ ಕೊಟ್ಟು ಹಿತ್ತಿಲಲ್ಲಿ ಇಸಿದುಕೊಳ್ಳುವ ವ್ಯವಹಾರ ಇದು. ಆದರೂ ಗೃಹಲಕ್ಷ್ಮಿಯನ್ನು ನಾನು ಬೈಯಲ್ಲ. ತೆರಿಗೆ ಅವನ ಕೈಯಿಂದ ಹೋಗಿ ಅವಳ ಖಾತೆಗೆ ಬಂದರೆ, ಪುಸ್ತಕದವರು ಗೆರೆಯ ಈಚೆ ಬಿಟ್ಟ ನಷ್ಟಕ್ಕೆ ಅಲ್ಪಸ್ವಲ್ಪ ಪರಿಹಾರವಾಯಿತು. ಅದು ಖಾತೆಯಲ್ಲೇ ಉಳಿದರೆ, ಅಷ್ಟೇ.

ಚಿಕಿತ್ಸೆಗೆ ಎಷ್ಟು ಹೋಗುತ್ತೆ ಅನ್ನುವುದು ಬೇರೆ ಮಾತು. ಥಾಯ್ಲೆಂಡಿನಲ್ಲಿ 2001ರಿಂದ ಮದ್ಯ, ತಂಬಾಕಿನ ತೆರಿಗೆಯ ಮೇಲೆ ಶೇ. 2 ಹೆಚ್ಚುವರಿ ವಸೂಲು ಮಾಡಿ ಆರೋಗ್ಯದ ಕೆಲಸಕ್ಕೇ ಇಡುತ್ತಾರೆ. ನಮ್ಮ ನಲವತ್ತು ಸಾವಿರ ಕೋಟಿಯ ಶೇ. 2 ಅಂದರೆ 800 ಕೋಟಿ. ನಮ್ಮಲ್ಲಿ ಮದ್ಯಪಾನ ಸಂಯಮ ಮಂಡಳಿ ಅಂತ ಒಂದಿದೆ, ನಿನ್ನ ತರಗತಿಯಲ್ಲಿ ಎಷ್ಟು ಜನಕ್ಕೆ ಗೊತ್ತು ಕೇಳು. ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ಅಂದರೆ ಜನರಿಗೆ ನೆನಪಾಗುವುದು ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು. ಸುಂಕ ತೆಗೆದುಕೊಂಡವರು ಯಾಕೆ ನೆನಪಾಗಲ್ಲ ಅಂತ ಸ್ಪರ್ಧೆಯಲ್ಲಿ ಕೇಳಬಹುದು.

ಹಾಸ್ಟೆಲ್ಲಿನಲ್ಲಿ ಏನು ನಡೆಯುತ್ತೆ ಅಂತ ನಾನು ಕೇಳಲ್ಲ. ನಿನಗೆ ಇಪ್ಪತ್ತೊಂದು ತುಂಬಲಿ, ಆಮೇಲಿನದು ನಿನ್ನ ವಿವೇಕ. ಸ್ನೇಹಿತರ ಜೊತೆ ಕುಡಿದು ವಿ.ಸಿ. ನಾಲೆ ಏರಿ ಮೇಲೆ ಬೈಕ್ ಓಡಿಸಿದೆ ಅಂತ ಮಾತ್ರ ಕೇಳಿಸಬಾರದು. ಆ ಏರಿಗೆ ತಡೆಗೋಡೆ ಎಲ್ಲ ಕಡೆ ಇಲ್ಲ.

ಸ್ಪರ್ಧೆಯಲ್ಲಿ ಎದುರಾಳಿ ಖಂಡಿತ ಒಂದು ಪ್ರಶ್ನೆ ಹಾಕ್ತಾನೆ. ಜನ ಕುಡಿಯುವುದು ಕಡಿಮೆಯಾದರೆ ಗೃಹಲಕ್ಷ್ಮಿಯಂಥ ಗ್ಯಾರಂಟಿಗೆ, ಸಂಬಳಕ್ಕೆ ದುಡ್ಡು ಎಲ್ಲಿಂದ? ಇದಕ್ಕೆ ಉತ್ತರ ಸಿದ್ಧ ಮಾಡಿಕೊ, ಬಹಳ ಜನ ಇಲ್ಲಿ ತಡವರಿಸುತ್ತಾರೆ. ಕುಡಿಯದೆ ಉಳಿದ 2,400 ರೂಪಾಯಿ ಆವಿಯಾಗಲ್ಲ. ಎಣ್ಣೆ, ಸೋಪು, ಮಗಳ ಚಪ್ಪಲಿ, ಬೈಕಿನ ಟಯರ್ ಆಗುತ್ತೆ, ಅದಕ್ಕೆಲ್ಲ ಜಿಎಸ್‌ಟಿ ಇದೆ, ಅದರಲ್ಲಿ ರಾಜ್ಯಕ್ಕೆ ಪಾಲಿದೆ. ಒಂದಿಷ್ಟು ಉಳಿತಾಯವಾಗುತ್ತೆ, ಒಂದಿಷ್ಟು ಹಸುವಾಗುತ್ತೆ. ಆದರೆ ಕ್ವಾರ್ಟರಿನಿಂದ ಬರುವಷ್ಟು ತೆರಿಗೆ ಸೋಪಿನಿಂದ ಬರಲ್ಲ, ಖಜಾನೆಯಲ್ಲಿ ತೂತು ಬೀಳುತ್ತೆ ಅನ್ನುವುದನ್ನು ಒಪ್ಪಿಕೋ. ಒಪ್ಪಿಕೊಂಡೇ, ಆ ತೂತನ್ನು ಯಾವ ತೆರಿಗೆಯಿಂದ, ಯಾರ ಮೇಲೆ, ಎಷ್ಟು ವರ್ಷದಲ್ಲಿ ತುಂಬಬೇಕು ಅಂತ ಹೇಳು. ನಿನಗೆ ಕೊಡುವ ಐದು ನಿಮಿಷದಲ್ಲಿ ಎರಡು ನಿಮಿಷ ಇದಕ್ಕೇ ಇಟ್ಟುಕೊ.